ಎತ್ತರದ ಅಂಜಿಕೆಯೂ ಇಳಿಜಾರಿನ ಗಣಿತವೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ—ಈ ತಾಲ್ಲೂಕುಗಳ ಎರೆಭೂಮಿಯಲ್ಲಿ ಹುಟ್ಟಿ ಬೆಳೆದವರಿಗೆ ಬೆಟ್ಟವೆಂಬುದು ಬಹುಮಟ್ಟಿಗೆ ಭೂಗೋಳದ ಪುಸ್ತಕದಲ್ಲಿ ಕಾಣುವ ವಸ್ತು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಇಲ್ಲಿನ ನೆಲದ ಬಹುಭಾಗವು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾರಸದ ಹಾಸು. ಅದರ ಮೇಲೆ ಬಿಳಿಜೋಳ, ತೊಗರಿ, ಇಂಡಿಯ ಕಡೆಗೆ ನಿಂಬೆಯ ತೋಟಗಳು. ದೃಷ್ಟಿ ಹರಿದಷ್ಟು ದೂರ ಅಡ್ಡ ಬರುವುದೆಂದರೆ ಒಂದು ಬೇವಿನ ಮರ, ಒಂದು ನೀರಿನ ಟಾಕಿ, ಬಾಗೇವಾಡಿಯ ಸೀಮೆಯಲ್ಲಾದರೆ ಕೂಡಗಿಯ ವಿದ್ಯುತ್ ಸ್ಥಾವರದ ಚಿಮಣಿಗಳು. ನಮ್ಮ ಮಕ್ಕಳು ಮೊದಲು ಏರುವ ಎತ್ತರವೆಂದರೆ ಮಣ್ಣಿನ ಮನೆಯ ಮಾಳಿಗೆ. ಬೇಸಗೆಯ ರಾತ್ರಿಗಳಲ್ಲಿ ಮನೆಮಂದಿಯೆಲ್ಲ ಅಲ್ಲಿಯೇ ಮಲಗುವರು. ಕುಂಬಿ ಎರಡು ಗೇಣಿನಷ್ಟಿದ್ದರೂ ಯಾರಿಗೂ ಅಂಜಿಕೆಯಿಲ್ಲ.

ಇಂಥ ಸೀಮೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಕಲಿಸುವ ನಾವು ಮೂರು ವರ್ಷಗಳ ಹಿಂದೆ, ಛಳಿಗಾಲದ ಕೊನೆಯಲ್ಲಿ, ಇಪ್ಪತ್ತೆರಡು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ತುಮಕೂರು ಜಿಲ್ಲೆಯ ಮಧುಗಿರಿಗೆ ಹೋದೆವು. ಮಧುಗಿರಿಯು ಒಂದೇ ಶಿಲೆಯ ಬೆಟ್ಟ. ಸಮುದ್ರಮಟ್ಟದಿಂದ ಅದರ ನೆತ್ತಿಯ ಎತ್ತರ ಸುಮಾರು 1200 ಮೀಟರ್. ಬುಡದಲ್ಲಿರುವ ಊರಿನಿಂದ ಏರಬೇಕಾದುದು ಸುಮಾರು 400 ಮೀಟರ್. ಈ ಶಿಲೆಯು ನಮ್ಮ ಊರುಗಳ ಕರಿಕಲ್ಲಿನಂತಹುದಲ್ಲ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಗ್ರಾನೈಟು. ಭೂಮಿಯ ಆಳದಲ್ಲಿ ಗಟ್ಟಿಯಾಗಿ, ಮೇಲಿನ ಹೊದಿಕೆ ಸವೆದುಹೋದ ಬಳಿಕ ಹೊರಗೆ ಬಂದು, ಈರುಳ್ಳಿಯ ಸಿಪ್ಪೆಯಂತೆ ಪದರ ಕಳಚುತ್ತ ನುಣ್ಣಗೆ ಗುಂಡಗೆ ಆಗಿರುವ ಬಂಡೆ. ಕೋಟೆಯ ಮೊದಲಿನ ಬಾಗಿಲುಗಳನ್ನು ದಾಟಿದ ಮೇಲೆ ಗೋಡೆಗಳ ಆಸರೆ ತಪ್ಪಿ, ಬರಿಯ ಇಳಿಜಾರಿನಲ್ಲಿ ಕಡೆದ ಹೆಜ್ಜೆಗುಳಿಗಳು ಮಾತ್ರ ಉಳಿಯುತ್ತವೆ. ಕೆಲವೆಡೆ ಹಿಡಿಯಲು ಕಬ್ಬಿಣದ ಸರಳುಗಳುಂಟು, ಕೆಲವೆಡೆ ಇಲ್ಲ.

ಅಂಥ ಒಂದೆಡೆಯಲ್ಲಿ ನಾವು ಹಿಂತಿರುಗಿ ನೋಡಿದೆವು. ಊರು, ಕೆರೆ, ಗದ್ದೆಗಳೆಲ್ಲ ಕಾಲ ಹೆಬ್ಬೆರಳಿನ ಕೆಳಗೆ ಇದ್ದವು. ಆ ಕ್ಷಣದಲ್ಲಿ ಬಂಡೆಯು ಮೆಲ್ಲನೆ ಹೊರಕ್ಕೆ ವಾಲಿದಂತಾಯಿತು. ಮೊಣಕಾಲುಗಳು ನಡುಗಿದವು, ಅಂಗೈ ಬೆವೆಯಿತು, ನಾವು ಕುಳಿತು, ಅಲ್ಲ, ಬಿದ್ದಂತೆ ಬಾಗಿ, ಎರಡು ಕೈಗಳಿಂದಲೂ ಬಂಡೆಯನ್ನು ತಬ್ಬಿಕೊಂಡೆವು. ಮುಂದೆ ಹೋಗುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಸಂತೆಗೆ ಹೊರಟವಳಂತೆ ಹೆಜ್ಜೆ ಹಾಕುತ್ತಿದ್ದಳು. ಹಿಂದೆ ಇದ್ದ ಮುದ್ದೇಬಿಹಾಳ ತಾಲ್ಲೂಕಿನ ಹುಡುಗನೊಬ್ಬನು ಮಾತ್ರ ನಮ್ಮಂತೆಯೇ ಬಂಡೆಗೆ ಅಂಟಿಕೊಂಡಿದ್ದನು. ಅವನ ಬೂಟು ಸರ್ರನೆ ಜಾರಿ, ಆತನು ಒಂದು ಮಾರಿನಷ್ಟು ಕೆಳಗೆ ಸರಿದು, ಕೆಳಗಿನ ಗುಳಿಯಲ್ಲಿ ಕಾಲು ಸಿಕ್ಕಿದ್ದರಿಂದ ನಿಂತನು. ಮೊಣಕೈ ತರಚಿದ್ದು ಬಿಟ್ಟರೆ ಬೇರೆ ಅಪಾಯವಾಗಲಿಲ್ಲ. ನಾವು ಅವನನ್ನು ಕರೆದುಕೊಂಡು ಕೆಳಗಿಳಿದೆವು; ಉಳಿದವರು ನಮ್ಮ ಸಹೋದ್ಯೋಗಿಯೊಬ್ಬರ ಜೊತೆಗೆ ಮೇಲಕ್ಕೆ ಹೋದರು. “ಬಿಸಿಲು ಹೆಚ್ಚಾಯಿತು” ಎಂದು ವಿದ್ಯಾರ್ಥಿಗಳಿಗೆ ಹೇಳಿದೆವು. ಆಗ ಬೆಳಗಿನ ಎಂಟೂವರೆ ಗಂಟೆ.

ನಾಚಿಕೆಯು ಕೆಲವು ದಿನ ಇದ್ದಿತು. ಅನಂತರ ಕುತೂಹಲವು ಅದರ ಸ್ಥಳವನ್ನು ಆಕ್ರಮಿಸಿತು. ಬಂಡೆಯು ವಾಲಿದಂತೆ ತೋರಿದುದೇಕೆ? ಬಂಡೆಯನ್ನು ಬಿಗಿಯಾಗಿ ಹಿಡಿದವನೇ ಜಾರಿ, ನೆಟ್ಟಗೆ ನಡೆದವಳು ಜಾರದೆ ಇದ್ದುದೇಕೆ? ಈ ಎರಡು ಪ್ರಶ್ನೆಗಳಲ್ಲಿ ಮೊದಲನೆಯದು ಶರೀರವಿಜ್ಞಾನಕ್ಕೆ ಸೇರಿದ್ದು. ಎರಡನೆಯದು ನಾವೇ ಪ್ರತಿವರ್ಷ ಕರಿಹಲಗೆಯ ಮೇಲೆ ಬರೆದು ಕಲಿಸುವ ಪಾಠ.

ಮೊದಲು ಅಂಜಿಕೆಯ ಪರವಾಗಿ ಒಂದು ಮಾತು. ಎತ್ತರಕ್ಕೆ ಅಂಜುವುದು ಹೇಡಿತನವೆಂದು ಭಾವಿಸುವುದು ತಪ್ಪು. ನಾಲ್ಕು ಮೀಟರ್ ಎತ್ತರದ ಮಾಳಿಗೆಯಿಂದ ಬಿದ್ದ ವಸ್ತುವು 0.9 ಸೆಕೆಂಡಿನಲ್ಲಿ ನೆಲ ಮುಟ್ಟುವುದು; ಆಗ ಅದರ ವೇಗ ಗಂಟೆಗೆ 32 ಕಿಲೋಮೀಟರ್. ವಿಜಯಪುರದ ಗೋಲಗುಮ್ಮಟದ ಒಳಗಿನ ಮೊಗಸಾಲೆಯು ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿದೆ; ಅಲ್ಲಿಂದ ಬಿದ್ದರೆ 2.6 ಸೆಕೆಂಡು, ವೇಗ ಗಂಟೆಗೆ 92 ಕಿಲೋಮೀಟರ್. ಗುರುತ್ವಾಕರ್ಷಣವು ಧೈರ್ಯವಂತನನ್ನೂ ಅಂಜುಬುರುಕನನ್ನೂ ಒಂದೇ ಉತ್ಕರ್ಷದಿಂದ ಎಳೆಯುವುದು. ಈ ಎಚ್ಚರವು ಬಹು ಎಳೆಯ ವಯಸ್ಸಿನಲ್ಲಿಯೇ ಮೂಡುತ್ತದೆಂಬುದಕ್ಕೆ ಅಮೆರಿಕದ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಎಂಬವರು 1960ರಲ್ಲಿ ಪ್ರಕಟಿಸಿದ ಪ್ರಯೋಗವು ಪ್ರಸಿದ್ಧ. ಅವರು ಒಂದು ದೊಡ್ಡ ಗಾಜಿನ ಹಲಗೆಯ ಅರ್ಧಭಾಗಕ್ಕೆ ಚೌಕಳಿಯ ಬಟ್ಟೆಯನ್ನು ಒತ್ತಾಗಿ ಅಂಟಿಸಿ, ಉಳಿದರ್ಧದಲ್ಲಿ ಅದೇ ಬಟ್ಟೆಯನ್ನು ಸುಮಾರು ಒಂದು ಮೀಟರ್ ಕೆಳಗೆ ಹಾಸಿದರು. ನೋಡುವ ಕಣ್ಣಿಗೆ ಅದು ಪ್ರಪಾತ. ಮುಟ್ಟುವ ಕೈಗೆ ಗಟ್ಟಿಯಾದ ಗಾಜು. ಆರರಿಂದ ಹದಿನಾಲ್ಕು ತಿಂಗಳ 36 ಕೂಸುಗಳನ್ನು ನಡುವಣ ಪಟ್ಟಿಯ ಮೇಲೆ ಬಿಟ್ಟು, ತಾಯಿಯು ಆಚೆಯಿಂದ ಕರೆದಾಗ, ಪಟ್ಟಿಯನ್ನು ಬಿಟ್ಟು ಕದಲಿದ ಕೂಸುಗಳು 27. ಅವುಗಳಲ್ಲಿ ‘ಪ್ರಪಾತ’ದ ಮೇಲೆ ತೆವಳಿದವು ಮೂರು ಮಾತ್ರ. ಹುಟ್ಟಿ ಒಂದೇ ದಿನವಾದ ಆಡಿನ ಮರಿಗಳಂತೂ ಅತ್ತ ಕಾಲಿಡಲೇ ಇಲ್ಲ. ಕೂಸುಗಳಲ್ಲಿ ಕಂಡುದು ಅಂಜಿಕೆಯೋ ಬರಿಯ ಎಚ್ಚರವೋ ಎಂದು ವಿದ್ವಾಂಸರು ಆ ಬಳಿಕ ಚರ್ಚಿಸುತ್ತ ಬಂದಿದ್ದಾರೆ. ನಮಗೆ ಇಲ್ಲಿ ಬೇಕಾದುದು ಇಷ್ಟೇ: ಎತ್ತರವನ್ನು ಕಂಡು ಹಿಂಜರಿಯುವುದು ಬಹು ಎಳೆಯ ವಯಸ್ಸಿನಲ್ಲಿಯೇ ನಮ್ಮಲ್ಲಿ ಮೂಡುವ ಒಂದು ಗುಣ.

ಇನ್ನು ಬಂಡೆ ವಾಲಿದ ವಿಚಾರ. ನಿಂತ ಮನುಷ್ಯನು ಸ್ಥಿರವಾಗಿ ನಿಂತಿರುವನೆಂದು ನಾವು ಭಾವಿಸುತ್ತೇವೆ, ಅದು ನಿಜವಲ್ಲ. ತಲೆಕೆಳಗಾದ ಲೋಲಕದಂತೆ ಆತನು ಹಿಮ್ಮಡಿಯ ಕೀಲಿನ ಮೇಲೆ ಸದಾ ಹಿಂದುಮುಂದು ತೂಗುತ್ತಿರುತ್ತಾನೆ. ತಲೆಯ ಬಳಿಯಲ್ಲಿ ಈ ತೂಗಾಟವು ಒಂದೆರಡು ಸೆಂಟಿಮೀಟರಿನಷ್ಟು. ತೂಗಾಟವು ಮೀರದಂತೆ ತಡೆಯಲು ಮಿದುಳಿಗೆ ಮೂರು ಕಡೆಗಳಿಂದ ವರ್ತಮಾನ ಬರುತ್ತದೆ. ಒಂದು, ಒಳಗಿವಿ: ಅಲ್ಲಿ ದ್ರವ ತುಂಬಿದ ಮೂರು ಅರ್ಧವರ್ತುಳ ನಾಳಗಳು ತಲೆಯ ತಿರುಗುವಿಕೆಯನ್ನೂ, ಸುಣ್ಣದ ಸಣ್ಣ ಹರಳುಗಳನ್ನು ಹೊತ್ತ ಚೀಲಗಳು ತಲೆಯ ಓಲನ್ನೂ ಅಳೆಯುತ್ತವೆ. ಎರಡು, ಅಂಗಾಲು ಮತ್ತು ಕೀಲುಗಳ ಸ್ಪರ್ಶಜ್ಞಾನ. ಮೂರು, ಕಣ್ಣು. ಮೂವರೂ ಒಂದೇ ಸುದ್ದಿಯನ್ನು ತಂದರೆ ಮಿದುಳು ನಿಶ್ಚಿಂತ.

ಕಣ್ಣು ತೂಗಾಟವನ್ನು ತಿಳಿಯುವುದು ಹೇಗೆ? ನಮ್ಮ ತಲೆಯು 2 ಸೆಂಟಿಮೀಟರ್ ಸರಿದರೆ, ಎದುರಿನ ವಸ್ತುವು ವಿರುದ್ಧ ದಿಕ್ಕಿಗೆ ಸ್ವಲ್ಪ ಸರಿದಂತೆ ಕಾಣುತ್ತದೆ. ಖಗೋಳಶಾಸ್ತ್ರಜ್ಞರು ನಕ್ಷತ್ರಗಳ ದೂರವನ್ನು ಅಳೆಯಲು ಉಪಯೋಗಿಸುವ ದಿಗ್ಭೇದವೇ ಇದು. ಗೋಡೆಯು ಒಂದು ಮೀಟರ್ ದೂರದಲ್ಲಿದ್ದರೆ ಸರಿಯುವ ಕೋನವು 0.02 ರೇಡಿಯನ್, ಎಂದರೆ ಒಂದು ಅಂಶಕ್ಕಿಂತ ತುಸು ಹೆಚ್ಚು. ಇದನ್ನು ಕಣ್ಣು ಸುಲಭವಾಗಿ ಗುರುತಿಸಬಲ್ಲುದು. ಮೂರು ಮೀಟರಿಗೆ ಆ ಕೋನವು 23 ಕಲೆಗಳಿಗೆ ಇಳಿಯುವುದು. (60 ಕಲೆಗಳಿಗೆ ಒಂದು ಅಂಶ.) ಇಪ್ಪತ್ತು ಮೀಟರಿಗೆ ಮೂರೂವರೆ ಕಲೆ, ಮೂವತ್ತು ಮೀಟರಿಗೆ ಎರಡೂಕಾಲು ಕಲೆ. ಬೆಟ್ಟದ ಅಂಚಿನಲ್ಲಿ ನಿಂತವನ ಎದುರಿಗೆ ಸಮೀಪದ ವಸ್ತುವೇ ಇಲ್ಲ. ಇರುವುದೆಲ್ಲ ನೂರಾರು ಮೀಟರ್ ಆಚೆ. ಆಗ ಒಳಗಿವಿಯೂ ಅಂಗಾಲೂ “ತೂಗುತ್ತಿದ್ದೀಯೆ” ಎನ್ನುತ್ತವೆ, ಕಣ್ಣು “ಏನೂ ಕದಲಲಿಲ್ಲ” ಎನ್ನುತ್ತದೆ. ಈ ಜಗಳದ ಫಲವೇ ತಲೆಸುತ್ತು. ಜರ್ಮನಿಯ ನರವೈದ್ಯರಾದ ಥಾಮಸ್ ಬ್ರಾಂಟ್ ಮತ್ತು ಅವರ ಸಂಗಡಿಗರು 1980ರಲ್ಲಿ ಈ ವಿವರಣೆಯನ್ನು ಪ್ರಕಟಿಸಿದರು. ಸಮೀಪದ ಸ್ಥಿರವಸ್ತುವು ಸುಮಾರು ಮೂರು ಮೀಟರಿಗಿಂತ ದೂರವಾದೊಡನೆ ತೊಂದರೆಯು ಪ್ರಾರಂಭವಾಗುತ್ತದೆಂದು ಅವರ ಅಭಿಪ್ರಾಯ. ಇಷ್ಟಕ್ಕೆ ಯಾರೂ ರೋಗಿಗಳಲ್ಲ; ಆರೋಗ್ಯವಂತನ ಸಹಜ ಸ್ಥಿತಿ ಇದು. ಇದರ ಮೇಲೆ ಅಂಜಿಕೆಯು ಬಂದು ಕೂಡಿದಾಗಲೇ ಕಷ್ಟ ಹೆಚ್ಚುವುದು. 2013ರಲ್ಲಿ ಜರ್ಮನಿಯಿಂದಲೇ ಪ್ರಕಟವಾದ ಸಮೀಕ್ಷೆಯೊಂದರಂತೆ ನೂರಕ್ಕೆ 28 ಜನರು ಜೀವಮಾನದಲ್ಲಿ ಒಮ್ಮೆಯಾದರೂ ಎತ್ತರದಲ್ಲಿ ಈ ತಳಮಳವನ್ನು ಅನುಭವಿಸಿದವರು. ನಾವು ಒಂಟಿಯಲ್ಲವೆಂದು ಓದಿ ತಿಳಿದಾಗ ನಮಗಾದ ಸಮಾಧಾನ ಅಷ್ಟಿಷ್ಟಲ್ಲ.

ವಾಚಕರು ಇದನ್ನು ಮನೆಯ ಅಂಗಳದಲ್ಲಿಯೇ ಪರೀಕ್ಷಿಸಬಹುದು. ಗೋಡೆಯಿಂದ ಒಂದು ಮೀಟರ್ ದೂರದಲ್ಲಿ ಒಂಟಿಕಾಲಿನ ಮೇಲೆ ನಿಂತು ಗೋಡೆಯ ಮೇಲಿನ ಒಂದು ಚುಕ್ಕೆಯನ್ನು ನೋಡಿರಿ. ಎಷ್ಟು ಸೆಕೆಂಡು ನಿಂತಿರೆಂದು ಗೆಳೆಯನು ಎಣಿಸಲಿ. ಅನಂತರ ಬಯಲಿಗೆ ಬಂದು, ಹತ್ತಿರದಲ್ಲಿ ಏನೂ ಇಲ್ಲದಂತೆ ಮಾಡಿಕೊಂಡು, ದೂರದ ದಿಗಂತವನ್ನು ನೋಡುತ್ತ ನಿಲ್ಲಿರಿ. ಕೊನೆಗೆ ಕಣ್ಣು ಮುಚ್ಚಿ. (ಹಿಡಿಯಲು ಒಬ್ಬರು ಪಕ್ಕದಲ್ಲಿರಲಿ.) ಮೂರೂ ಸಂಖ್ಯೆಗಳನ್ನು ಬರೆದಿಡಿರಿ. ಇದೇ ಕಾರಣದಿಂದ, ಎತ್ತರದಲ್ಲಿ ನಿಂತು ಮೇಲೆ ತೇಲುವ ಮೋಡಗಳನ್ನು ನೋಡಬಾರದು. ಮೋಡ ಚಲಿಸಿದರೆ ತಾನೇ ಚಲಿಸಿದಂತೆ ಮಿದುಳು ತಿಳಿಯುವುದು. ಆಸರೆಯಿಲ್ಲದೆ ನಿಂತು ದುರ್ಬೀನಿನಿಂದ ನೋಡುವುದೂ ಅಷ್ಟೇ ಅವಿವೇಕ. ಕಬ್ಬಿಣದ ಕಟಕಟೆಯನ್ನು ಕೈಯಿಂದ ಹಿಡಿಯದಿದ್ದರೂ, ಅದು ಓರೆಗಣ್ಣಿಗೆ ಹತ್ತಿರದಲ್ಲಿ ಕಾಣುತ್ತಿದ್ದರೆ ಸಾಕು, ಮೈ ನೆಮ್ಮದಿಯಾಗುವ ಮರ್ಮವೂ ಇಲ್ಲಿಯೇ ಇದೆ.

ಅಂಜಿಕೆಯು ಇನ್ನೊಂದು ಮೋಸವನ್ನೂ ಮಾಡುತ್ತದೆ. ಅಳತೆಯನ್ನೇ ಕೆಡಿಸುತ್ತದೆ. ಅಮೆರಿಕದ ಡೆನಿಸ್ ಪ್ರೊಫಿಟ್ ಎಂಬವರು 1995ರಲ್ಲಿ ತೋರಿಸಿದಂತೆ, ಕೇವಲ 5 ಅಂಶದ ಏರನ್ನು ಜನರು ಸುಮಾರು 20 ಅಂಶವೆಂದು ಹೇಳುತ್ತಾರೆ. ಇದು ಅಂಜಿಕೆಯಿಲ್ಲದವರ ಮಾತು. ಅವರೇ ಜೀನೀನ್ ಸ್ಟೆಫನುಚ್ಚಿಯವರೊಡನೆ 2009ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ಒಂದೇ ಎತ್ತರವು ಕೆಳಗಿನಿಂದ ನೋಡಿದಾಗ ಕಾಣುವುದಕ್ಕಿಂತ ಮೇಲಿನಿಂದ ನೋಡಿದಾಗ ಹೆಚ್ಚಾಗಿ ಕಾಣುವುದೆಂದೂ, ಅಂಜುವವರಿಗೆ ಅದು ಇನ್ನಷ್ಟು ಹಿಗ್ಗಿ ಕಾಣುವುದೆಂದೂ ಕಂಡುಬಂದಿತು. ಅಂದಮೇಲೆ ಅಂಜಿಕೆಯವನಿಗೆ ಬೇಕಾದ ಮೊದಲ ಆಯುಧವು ಒಂದು ಕೋನಮಾಪಕ. ಇದನ್ನು ಮಾಡಲು ಖರ್ಚಿಲ್ಲ. ಶಾಲೆಯ ಪೆಟ್ಟಿಗೆಯ ಅರ್ಧಚಂದ್ರಾಕಾರದ ಮಾಪಕದ ನಡುವೆ ಒಂದು ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲನ್ನು ತೂಗಬಿಟ್ಟು, ಮಾಪಕದ ನೇರ ಅಂಚನ್ನು ಒಂದು ಉದ್ದ ಕೋಲಿಗೆ ಕಟ್ಟಿ, ಕೋಲನ್ನು ಬಂಡೆಯ ಮೇಲೆ ಇಳಿಜಾರಿನ ದಿಕ್ಕಿಗೆ ಮಲಗಿಸಿದರಾಯಿತು. ಸಮನೆಲದಲ್ಲಿ ದಾರವು 90ರ ಮೇಲೆ ನಿಲ್ಲುವುದು. ಇಳಿಜಾರಿನಲ್ಲಿ 90ರಿಂದ ಎಷ್ಟು ಸರಿಯಿತೋ ಅಷ್ಟೇ ಇಳಿಜಾರಿನ ಕೋನ. ನಮ್ಮ ಮಾಪಕಕ್ಕೆ ತೂಗಬಿಟ್ಟುದು ಸಿಂದಗಿಯ ಹೊಲವೊಂದರಿಂದ ಆಯ್ದ ಕರಿಕಲ್ಲಿನ ಚೂರು.

ಈಗ ಎರಡನೆಯ ಪ್ರಶ್ನೆ. ಇದರ ಚಿತ್ರವನ್ನು ವಾಚಕರು ತಾವೇ ಬರೆದುಕೊಳ್ಳಲಿ. 60 ಕಿಲೋಗ್ರಾಂ ಭಾರದ ಮನುಷ್ಯನು 32 ಅಂಶದ ಇಳಿಜಾರಿನ ಮೇಲೆ ನೆಟ್ಟಗೆ ನಿಂತಿದ್ದಾನೆ. ಭಾರವನ್ನು ಎರಡಾಗಿ ಒಡೆದರೆ, ಬಂಡೆಯನ್ನು ಅಭಿಲಂಬವಾಗಿ ಒತ್ತುವ ಭಾಗವು 50.9 ಕಿಲೋಗ್ರಾಂ, ಇಳಿಜಾರಿನಗುಂಟ ಕೆಳಕ್ಕೆ ಎಳೆಯುವ ಭಾಗವು 31.8 ಕಿಲೋಗ್ರಾಂ. ಜಾರದೆ ಇರಲು ಘರ್ಷಣವು ಈ 31.8ನ್ನು ತಡೆಯಬೇಕು. 31.8ನ್ನು 50.9ರಿಂದ ಭಾಗಿಸಿದರೆ 0.62, ಇದು 32 ಅಂಶದ ಸ್ಪರ್ಶಜ್ಯೆಯೇ ಆಗಿದೆ. ಬೂಟಿನ ರಬ್ಬರಿಗೂ ಒಣಗಿದ ಒರಟು ಗ್ರಾನೈಟಿಗೂ ನಡುವೆ ಘರ್ಷಣ ಗುಣಾಂಕವು ಸಾಮಾನ್ಯವಾಗಿ 0.8ರ ಆಸುಪಾಸು, ಒಳ್ಳೆಯ ತಳವಾದರೆ ಅದಕ್ಕೂ ಮೇಲು. ಆದುದರಿಂದ ನೆಟ್ಟಗೆ ನಿಂತವನು ಜಾರುವುದಿಲ್ಲ. ಆತನ ಭಾರ 60 ಇರಲಿ, 90 ಇರಲಿ, ಲೆಕ್ಕ ಬದಲಾಗದು.

ಅಂಜಿದವನು ಮಾಡುವುದೇನು? ಬಂಡೆಯ ಕಡೆಗೆ ಬಾಗಿ ಎರಡು ಕೈಗಳನ್ನೂ ಅದರ ಮೇಲೆ ಊರುತ್ತಾನೆ. ಕೈಗಳು ಬಂಡೆಯನ್ನು 10 ಕಿಲೋಗ್ರಾಮಿನಷ್ಟು ಒತ್ತಿದವೆನ್ನಿ. ಅಷ್ಟು ಭಾರವು ಪಾದಗಳಿಂದ ಕೈಗಳಿಗೆ ವರ್ಗವಾಯಿತು. ಪಾದಗಳು ಈಗ ಬಂಡೆಯನ್ನು ಒತ್ತುವುದು 40.9 ಕಿಲೋಗ್ರಾಂ ಮಾತ್ರ. ಆದರೆ ಕೆಳಕ್ಕೆ ಎಳೆಯುವ 31.8 ಕಡಿಮೆಯಾಗಲಿಲ್ಲ. ಬೆವೆತ ಅಂಗೈಯು ನುಣ್ಣನೆಯ ಬಂಡೆಯನ್ನು ಒತ್ತಬಲ್ಲುದೇ ಹೊರತು ಹಿಡಿಯಲಾರದು. ಆದ್ದರಿಂದ ತಡೆಯುವ ಹೊಣೆ ಬಹುತೇಕ ಪಾದಗಳದೇ. ಬೇಕಾದ ಗುಣಾಂಕವು 0.62ರಿಂದ 0.78ಕ್ಕೆ ಏರಿತು. ಇನ್ನೂ ಅಂಜಿ 15 ಕಿಲೋಗ್ರಾಮಿನಷ್ಟು ಊರಿದರೆ 0.89. ಇಲ್ಲಿ ಬೂಟು ಜಾರುವುದು! ಮುದ್ದೇಬಿಹಾಳದ ಹುಡುಗನನ್ನು ಜಾರಿಸಿದುದು ಬೆಟ್ಟವಲ್ಲ. ಬೆಟ್ಟವನ್ನು ತಬ್ಬಿಕೊಂಡ ಅವನ ಭಂಗಿ. ಕಡೆದ ಹೆಜ್ಜೆಗುಳಿಯಲ್ಲಂತೂ ಲೆಕ್ಕ ಇನ್ನೂ ಸ್ಪಷ್ಟ. ಗುಳಿಯ ತಳ ಸಮತಲವಾಗಿದ್ದರೆ, ನೆಟ್ಟಗೆ ನಿಂತವನಿಗೆ ಘರ್ಷಣವೇ ಬೇಕಾಗಿಲ್ಲ. ಕೈಯಿಂದ ಬಂಡೆಯನ್ನು ತಳ್ಳಿದೊಡನೆ ಬಂಡೆಯು ಆತನನ್ನು ಹೊರಕ್ಕೆ ತಳ್ಳುವುದು. ನ್ಯೂಟನ್ನನ ಮೂರನೆಯ ನಿಯಮವನ್ನು ನಾವು ಹತ್ತು ವರ್ಷ ಕಲಿಸಿದ್ದೆವು. ಬಂಡೆಯ ಮೇಲೆ ಅದು ನಮಗೆ ನೆನಪಾಗಲಿಲ್ಲ.

ಈ ಲೆಕ್ಕವನ್ನು ತಪ್ಪಾಗಿ ತಿಳಿಯಬಾರದು. ಮಳೆ ಬಿದ್ದು ಪಾಚಿಗಟ್ಟಿದ ಬಂಡೆಯ ಮೇಲೆ ಗುಣಾಂಕವು ಬಹಳ ಕೆಳಕ್ಕಿಳಿಯುತ್ತದೆ. ಆಗ ನೆಟ್ಟಗೆ ನಿಂತವನೂ ಜಾರುವನು. ಮಳೆಗಾಲದಲ್ಲಿ ಇಂಥ ಬಂಡೆಗಳನ್ನು ಏರಲೇಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಸರಳುಗಳಿರುವಲ್ಲಿ ಅವನ್ನು ಹಿಡಿಯದೆ ಇರುವುದು ಶೌರ್ಯವಲ್ಲ. ಸರಳನ್ನು ಬೆರಳುಗಳಿಂದ ಹಿಡಿದು ಎಳೆದುಕೊಳ್ಳಬಹುದಾದುದರಿಂದ ಅದು ಬಂಡೆಯ ಮೇಲಣ ಅಂಗೈಗಿಂತ ಭಿನ್ನ. ಸಮನೆಲದಲ್ಲಿಯೂ ಪದೇಪದೇ ತಲೆ ತಿರುಗುವವರು ಬೆಟ್ಟದ ಮಾತನ್ನು ಬಿಟ್ಟು ವೈದ್ಯರನ್ನು ಕಾಣಬೇಕು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಅಂಜಿಕೆ ಹೋಯಿತೇ ಎಂದು ವಾಚಕರು ಕೇಳಬಹುದು. ಹೋಗಲಿಲ್ಲ. ಕಾಗದದ ಮೇಲೆ ಬರೆದ 0.62 ಎಂಬ ಸಂಖ್ಯೆಯು ಮೊಣಕಾಲಿಗೆ ತಲುಪುವುದಿಲ್ಲ. ಮೊಣಕಾಲಿಗೆ ಬೇರೆ ಪಾಠ ಬೇಕು. ಜರ್ಮನ್ ಕವಿ ಗಯಟೆಯು 1770ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ತನ್ನ ತಲೆಸುತ್ತನ್ನು ಕಳೆದುಕೊಳ್ಳಲು, ಅಲ್ಲಿನ ಮಹಾ ಇಗರ್ಜಿಯ ಗೋಪುರವನ್ನು ಒಬ್ಬನೇ ಏರಿ, ತುದಿಯ ಬಳಿಯ ಚಿಕ್ಕ ಕಟ್ಟೆಯ ಮೇಲೆ ನಿಲ್ಲುವುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದುದನ್ನು ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ಆ ಗೋಪುರದ ಎತ್ತರ 142 ಮೀಟರ್. 1958ರಲ್ಲಿ ಜೋಸೆಫ್ ವೋಲ್ಪೆ ಎಂಬ ವೈದ್ಯರು ಇದನ್ನೇ ಕ್ರಮಬದ್ಧಗೊಳಿಸಿ, ಅತಿ ಕಡಿಮೆ ಅಂಜಿಕೆಯ ಸನ್ನಿವೇಶದಿಂದ ಮೊದಲುಮಾಡಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಚಿಕಿತ್ಸೆಯನ್ನು ವಿವರಿಸಿದರು. 1995ರಿಂದೀಚೆಗೆ ಗಣಕಯಂತ್ರದ ಮೂಲಕ ಕಣ್ಣೆದುರು ಕೃತಕ ಎತ್ತರವನ್ನು ಸೃಷ್ಟಿಸಿ ಅಭ್ಯಾಸ ಮಾಡಿಸುವ ಪದ್ಧತಿಯೂ ಬಂದಿದೆ. ನಮ್ಮ ಕಡೆಗೆ ಅಂಥ ಯಂತ್ರವಿಲ್ಲ. ಆದರೆ ವಿಜಯಪುರದಲ್ಲಿ ಉಪಲಿ ಬುರುಜು ಇದೆ.

ಸುಮಾರು 1584ರಲ್ಲಿ ಹೈದರ್ ಖಾನನು ಕಟ್ಟಿಸಿದ ಈ ಬುರುಜು ಸುಮಾರು 80 ಅಡಿ, ಎಂದರೆ 24 ಮೀಟರ್ ಎತ್ತರದ ದುಂಡು ಗೋಪುರ. ಮೇಲೆ ಎರಡು ಉದ್ದನೆಯ ತೋಪುಗಳಿವೆ. ನಮಗೆ ಪ್ರಯೋಜನವಾದುದು ಅದರ ಮೆಟ್ಟಿಲುಸಾಲು: ಅದು ಗೋಪುರದ ಒಳಗಿಲ್ಲ, ಹೊರಮೈಯನ್ನು ಸುತ್ತಿಕೊಂಡು ಏರುತ್ತದೆ. ಒಂದೊಂದು ಮೆಟ್ಟಿಲಿಗೂ ಎತ್ತರವು ಒಂದು ಗೇಣಿನಷ್ಟು ಬೆಳೆಯುತ್ತ, ಒಂದು ಪಕ್ಕದಲ್ಲಿ ಗೋಡೆ, ಇನ್ನೊಂದು ಪಕ್ಕದಲ್ಲಿ ಬಯಲು. ಅಂಜಿಕೆಯನ್ನು ಅಳೆಯಲೆಂದೇ ಹೇಳಿ ಕಟ್ಟಿಸಿದ ಉಪಕರಣದಂತಿದೆ. ನಾವೂ ಆ ಹುಡುಗನೂ ಇನ್ನಿಬ್ಬರೂ ಆರು ಭಾನುವಾರ ಅಲ್ಲಿಗೆ ಹೋದೆವು. ನಿಯಮವು ಒಂದೇ: ಎದೆ ಬಡಿದುಕೊಳ್ಳಲು ಪ್ರಾರಂಭಿಸಿದ ಮೆಟ್ಟಿಲಿನಲ್ಲಿ ನಿಲ್ಲಬೇಕು, ಇಳಿಯಬಾರದು, ಏರಲೂಬಾರದು, ನಾಡಿಯನ್ನು ಎರಡು ನಿಮಿಷಕ್ಕೊಮ್ಮೆ ಎಣಿಸಿ ಬರೆಯಬೇಕು. ಮೊದಲ ದಿನ ನಮ್ಮ ನಾಡಿ ನಿಮಿಷಕ್ಕೆ 118 ಇದ್ದುದು ಇಪ್ಪತ್ತೆರಡು ನಿಮಿಷಗಳಲ್ಲಿ 90ಕ್ಕೆ ಇಳಿಯಿತು. ಮೊದಲು ವೇಗವಾಗಿ, ಬರಬರುತ್ತ ನಿಧಾನವಾಗಿ. ರೇಖಾಪಟದ ಕಾಗದದ ಮೇಲೆ ಅದು ಬಿಸಿನೀರು ಆರುವ ವಕ್ರರೇಖೆಯಂತೆಯೇ ಕಂಡಿತು. (ಹೋಲಿಕೆ ಕಣ್ಣಿಗೆ ಮಾತ್ರ; ಇದನ್ನು ಶೈತ್ಯನಿಯಮವೆಂದು ಪರೀಕ್ಷೆಯಲ್ಲಿ ಬರೆಯಬೇಡಿರಿ.) ಎದೆಬಡಿತವು ತುದಿಯಲ್ಲಿದ್ದಾಗಲೇ ಇಳಿದುಬಿಟ್ಟರೆ, ಇಳಿದುದರಿಂದಲೇ ಬದುಕಿದೆನೆಂದು ಮನಸ್ಸು ಪಾಠ ಕಲಿಯುತ್ತದೆ, ನಿಂತರೆ, ನಿಂತೂ ಬದುಕಿದೆನೆಂದು ಕಲಿಯುತ್ತದೆ. ಮಧುಗಿರಿಯಿಂದ ಓಡಿಬಂದು ನಾವು ಕಲಿತುದು ಮೊದಲನೆಯ ಪಾಠವನ್ನು.

ನಾಲ್ಕನೆಯ ಭಾನುವಾರ ಗೋಲಗುಮ್ಮಟಕ್ಕೂ ಹೋದೆವು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಈ ಸಮಾಧಿಯ ಮೊಗಸಾಲೆಯು ಮೂರು ಮೀಟರಿಗಿಂತಲೂ ಅಗಲವಾಗಿದೆ. ಆದರೂ ನಾವು ಬೆನ್ನನ್ನು ಗೋಡೆಗೆ ಒತ್ತಿಕೊಂಡೇ ನಿಂತಿದ್ದೆವು. ಸುಮಾರು 38 ಮೀಟರ್ ಆಚೆ, ಗುಮ್ಮಟದ ಎದುರು ಬದಿಯಿಂದ, “ಸರ್, ಮುಂದೆ ಒಂದು ಹೆಜ್ಜೆ ಬರ್ರಿ” ಎಂಬ ಪಿಸುಮಾತು ಕಿವಿಯ ಪಕ್ಕದಲ್ಲಿಯೇ ಕೇಳಿತು. ಆ ಹುಡುಗನೇ. ಗುಮ್ಮಟದ ಧ್ವನಿಶಾಸ್ತ್ರವನ್ನು ಕುರಿತು ಇನ್ನೊಂದು ಲೇಖನದಲ್ಲಿ ಬರೆಯುವೆವು. ಅಂದು ನಾವು ಒಂದು ಹೆಜ್ಜೆ ಮುಂದಿಟ್ಟೆವೆಂದಷ್ಟೇ ಇಲ್ಲಿ ಹೇಳತಕ್ಕದ್ದು.

ಮರುವರ್ಷ ಅದೇ ಕಾಲದಲ್ಲಿ ಮತ್ತೆ ಮಧುಗಿರಿಗೆ ಹೊರಟೆವು. ಬೆಳಗಿನ ಆರು ಗಂಟೆಗೆ ಬುಡದಲ್ಲಿದ್ದೆವು. ಬಂಡೆಯು ಒಣಗಿ ತಣ್ಣಗಿತ್ತು. ಹಿಂದಿನ ವರ್ಷ ನಿಂತುಹೋದ ಸ್ಥಳಕ್ಕೆ ಬಂದಾಗ ಎಲ್ಲರಿಗೂ ಚೀಟಿ ಕೊಟ್ಟು, ಇಳಿಜಾರು ಎಷ್ಟು ಅಂಶವೆಂದು ಊಹಿಸಿ ಬರೆಯಲು ಹೇಳಿದೆವು. 45ಕ್ಕಿಂತ ಕಡಿಮೆ ಬರೆದವರು ಯಾರೂ ಇರಲಿಲ್ಲ. ಒಬ್ಬಳು 70 ಎಂದಿದ್ದಳು. ನಾವು 55 ಎಂದು ಬರೆದಿದ್ದೆವು. ಕೋಲನ್ನು ಮಲಗಿಸಿ ಕರಿಕಲ್ಲಿನ ದಾರವು ನಿಲ್ಲುವವರೆಗೆ ಕಾದೆವು. ಗಾಳಿ ಬೀಸುತ್ತಿದ್ದುದರಿಂದ ಎರಡು ನಿಮಿಷವಾಯಿತು. ಮೂವತ್ತೆರಡು ಅಂಶ.

ಹುಡುಗನು ಮೊದಲು ಎದ್ದನು. ಕೈಗಳನ್ನು ಬಂಡೆಯಿಂದ ತೆಗೆದು, ತಲೆಯನ್ನು ಪಾದಗಳ ನೇರಕ್ಕೆ ತಂದು, ಮೂರು ಮಾರು ಮುಂದಿನ ಗುಳಿಯನ್ನೇ ನೋಡುತ್ತ ಹೊರಟನು. ನಾವು ಹಿಂದೆ ಹೋದೆವು. ಕಾಲು ನಡುಗಿತು, ನಾಡಿ ಎಣಿಸಲು ಪುರಸೊತ್ತಾಗಲಿಲ್ಲ. ಅಂಜಿದಾಗ ತೊಡೆಯ ಮುಂದಿನ ಹಿಂದಿನ ಸ್ನಾಯುಗಳು ಏಕಕಾಲಕ್ಕೆ ಬಿಗಿದು ಕಾಲು ಕೋಲಾಗುವುದೆಂದು ಓದಿದ್ದೆವು. ಅದನ್ನು ನೆನೆದು, ಪ್ರತಿ ಹತ್ತು ಹೆಜ್ಜೆಗೊಮ್ಮೆ ನಿಂತು ಮೊಣಕಾಲನ್ನು ಸಡಿಲಿಸಿಕೊಂಡೆವು. ಕೊನೆಯ ಏರಿನಲ್ಲಿ ಒಮ್ಮೆ ಕುಳಿತದ್ದೂ ಉಂಟು. ಕುಳಿತರೆ ಗುರುತ್ವಕೇಂದ್ರವು ಕೆಳಗಿಳಿದು ಆಧಾರವು ಅಗಲವಾಗುವುದಾದ್ದರಿಂದ ಅದರಲ್ಲಿ ಅವಮಾನವೇನಿಲ್ಲ. ಒಂಬತ್ತೂಕಾಲಕ್ಕೆ ನೆತ್ತಿಯ ಮೇಲಿದ್ದೆವು. ಅಲ್ಲಿ ಪಾಳುಬಿದ್ದ ಕಟ್ಟಡದ ನೆರಳಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ತಿಂದೆವು.

ಇಳಿಯುವುದು ಏರುವುದಕ್ಕಿಂತ ಕಷ್ಟ. ಏರುವಾಗ ಕಣ್ಣಿನ ಮುಂದೆ ಬಂಡೆಯಿರುತ್ತದೆ, ಒಂದೆರಡು ಮೀಟರ್ ದೂರದಲ್ಲಿ. ಇಳಿಯುವಾಗ ಇರುವುದು ಬರಿಯ ಆಕಾಶ. ಮೇಲೆ ಹೇಳಿದ ದಿಗ್ಭೇದದ ಲೆಕ್ಕವೆಲ್ಲ ಇಲ್ಲಿ ನಮಗೆ ಪ್ರತಿಕೂಲ. ಆದ್ದರಿಂದ ನೆಟ್ಟಗೆ ಇಳಿಯದೆ, ಬಂಡೆಯನ್ನು ಒಂದು ಪಕ್ಕಕ್ಕೆ ಇಟ್ಟುಕೊಂಡು ಓರೆಯಾಗಿ, ಮುಂದಿನವರ ಬೆನ್ನನ್ನು ಹತ್ತಿರದ ವಸ್ತುವಾಗಿ ಮಾಡಿಕೊಂಡು ಇಳಿದೆವು. ಎರಡು ಕಡೆ ಹುಡುಗರು ಕುಳಿತು ಜಾರುತ್ತ ಬಂದರು. ಒಬ್ಬನ ಪಾಯಿಜಾಮವು ಹರಿಯಿತು.

70 ಎಂದು ಬರೆದಿದ್ದ ವಿದ್ಯಾರ್ಥಿನಿಯು ಅಂದು ಮೇಲೆ ಬರಲಿಲ್ಲ. ಬರಬೇಕೆಂದು ನಾವೂ ಒತ್ತಾಯಿಸಲಿಲ್ಲ. ಅಧ್ಯಾಪಿಕೆಯೊಬ್ಬರ ಜೊತೆಗೆ ಬಾಗಿಲ ಬಳಿ ಉಳಿದಿದ್ದಳು. ನಾವು ಇಳಿದು ಬಂದಾಗ ಒಂದು ಹಾಳೆಯನ್ನು ತೋರಿಸಿದಳು. ಬಾಗಿಲಿನಿಂದ ಇಪ್ಪತ್ತು ಗುಳಿ ಮೇಲಕ್ಕೆ ಹೋಗಿ, ಅಲ್ಲಿಯೇ ನಿಂತು, ನಾಡಿಯನ್ನು ಎಣಿಸಿ ಬರೆದಿದ್ದಳು: 124, 121, 116, 109. ಅನಂತರ ಬಿಸಿಲೇರಿದ್ದರಿಂದ ಇಳಿದಳಂತೆ. ಆಕೆಯ ವಿಷಯದಲ್ಲಿ ಬಿಸಿಲಿನ ಮಾತು ನಿಜ. ಆಗ ಹನ್ನೊಂದು ಗಂಟೆಯಾಗಿತ್ತು. ಆ ಹಾಳೆಯು ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲಿದೆ. ನಾಲ್ಕು ಚುಕ್ಕೆಗಳ ಬಲಕ್ಕೆ ಸಾಕಷ್ಟು ಖಾಲಿ ಸ್ಥಳವನ್ನು ಆಕೆ ಬಿಟ್ಟಿದ್ದಾಳೆ.